ಶೆನ್‌ಗೆ ಎರಡು ಕಡಕ್ ರೊಟ್ಟಿ

ಸೃಷ್ಟಿಯ ಒಂದು ಜಡೆ ಹಾಕಿ ರಿಬ್ಬನ್ ಕಟ್ಟಿದ್ದೆ. ಇನ್ನೊಂದು ಬದಿಯ ಕೂದಲನ್ನು ಮೂರು ಕಾಲು ಮಾಡಿ ಬೆರಳ ಸಂದಿಯಲ್ಲಿ ಹಿಡಿದುಕೊಂಡಿರುವಾಗಲೇ ಅಡುಗೆ ಕಟ್ಟೆಯ ಮೇಲಿದ್ದ ಫೋನು ಗುಂಯ್ ಎಂದು ನಡುಗಿತು. ಬಗ್ಗಿ ನೋಡಿದೆ. ‘ನಿಮ್ಮ ಕಾರು ಹನ್ನೆರಡು ನಿಮಿಷದಿಂದ ನಿಂತಲ್ಲೇ ನಿಂತಿದೆ. ಎಲ್ಲವೂ ಸರಿಯಾಗಿದೆಯೇ?’ ಎಂದು ಕಾರು ಬುಕ್ ಮಾಡಿದ್ದ ಆ್ಯಪ್ ಕೇಳಿತ್ತು.

ಕಾರು ಇದ್ದದ್ದು ಚೀನಾದಲ್ಲಿ. ಅದರೊಳಗೆ ಇದ್ದವರು ನಮ್ಮ ಅತ್ತೆ ರತ್ನಾಬಾಯಿ. ನಾನು ಇದ್ದದ್ದು ವೆಂಬ್ಲಿಯ ಆರನೆಯ ಮಹಡಿಯ ಫ್ಲ್ಯಾಟಿನಲ್ಲಿ, ಬೆಳಗಿನ ಏಳು ಗಂಟೆ ಐದು ನಿಮಿಷಕ್ಕೆ, ಮಗಳ ಕೂದಲು ಕೈಯಲ್ಲಿ ಹಿಡಿದುಕೊಂಡು.

ಅತ್ತೆ ಧಾರವಾಡದಿಂದ ಮೊದಲು ಸುಝೌ ಊರಿಗೆ ಹೋಗಿದ್ದರು. ಅಲ್ಲಿ ನನ್ನ ಮೈದುನ ವೀರಭದ್ರ ನೇಯ್ಗೆ ಯಂತ್ರಗಳ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಒಂದು ತಿಂಗಳು ಅವನ ಹತ್ತಿರ ಇದ್ದು, ಇವತ್ತು ಶಾಂಘೈಯಿಂದ ವಿಮಾನ ಹತ್ತಿ ನಮ್ಮಲ್ಲಿಗೆ ಬರುವವರಿದ್ದರು. ವೀರಭದ್ರನೇ ಏರ್‌ಪೋರ್ಟಿಗೆ ಬಿಡುವುದೆಂದು ನಿಶ್ಚಯವಾಗಿತ್ತು. ಆದರೆ ಬೇರೆ ಊರಿನ ಗಿರಣಿಯಲ್ಲಿ ಯಂತ್ರವೊಂದು ಕೆಟ್ಟು ನಿಂತು, ಅವನು ಎರಡು ದಿನ ಮೊದಲೇ ಅಲ್ಲಿಗೆ ಹೋಗಬೇಕಾಯಿತು. ಬುಲೆಟ್ ರೈಲು ಇದೆ, ಮೆಟ್ರೋ ಇದೆ. ಎರಡು ಬ್ಯಾಗು, ನೋಯುವ ಮೊಳಕಾಲು, ಕನ್ನಡ ಬಿಟ್ಟರೆ ಹರಕು ಹಿಂದಿ, ಇಷ್ಟನ್ನು ಹೊತ್ತುಕೊಂಡು ಅತ್ತೆ ಅವುಗಳಲ್ಲಿ ಹೇಗೆ ಹೋದಾರು? ಮನೆ ಬಾಗಿಲಿನಿಂದ ಏರ್‌ಪೋರ್ಟ್ ಬಾಗಿಲಿಗೆ ಕರೆದೊಯ್ಯುವ ಖಾಸಗಿ ಕಾರನ್ನು ನಾನೇ ಇಲ್ಲಿ ಕುಳಿತು ಬುಕ್ ಮಾಡಿದೆ. ಡ್ರೈವರ್ ಹೆಸರು ಶೆನ್, ಗಾಡಿ ಬೂದು ಬಣ್ಣದ ವ್ಯಾನು ಎಂದು ಫೋಟೋ ಸಮೇತ ಬಂತು. ವಿಶೇಷ ಸೂಚನೆ ಏನಾದರೂ ಇದೆಯೇ ಎಂದು ಕೇಳಿದ್ದ ಜಾಗದಲ್ಲಿ, ‘ವಯಸ್ಸಾದವರು, ಅವರು ಹೇಳಿದ ಕಡೆ ದಯವಿಟ್ಟು ನಿಲ್ಲಿಸಿ’ ಎಂದು ಬರೆದಿದ್ದೆ. ಮೊಳಕಾಲನ್ನು ನೆನೆಸಿಕೊಂಡು ಬರೆದದ್ದು.

ಅಲ್ಲಿಯ ಮಧ್ಯಾಹ್ನ ಒಂದೂ ಕಾಲಿಗೆ, ಅಂದರೆ ನಮ್ಮ ಬೆಳಗಿನ ಆರೂ ಕಾಲಿಗೆ, ಶೆನ್ ಮೇಲೆ ಬಂದು ಬ್ಯಾಗು ಇಳಿಸಿಕೊಂಡು ಹೋಗಿದ್ದ. ಅತ್ತೆ ವ್ಯಾನಿನೊಳಗಿನಿಂದ ವೀಡಿಯೋ ಕಾಲ್ ಮಾಡಿ, “ಬಾಗಲಾ ತಾನ ತಗಿತೈತಿ, ತಾನ ಹಾಕ್ಕೊತೈತಿ. ಉಟ್ಟ ಸೀರಿ ಸಿಗಬಾರದು ಅಷ್ಟ,” ಎಂದು ತೋರಿಸಿದ್ದರು. ಅಲ್ಲಿಂದ ಏರ್‌ಪೋರ್ಟಿಗೆ ಎರಡು ತಾಸಿನ ದಾರಿ. ಕೌಂಟರ್ ಮುಚ್ಚುವುದು ಐದೂ ನಲವತ್ತಕ್ಕೆ. ಧಾರಾಳ ಹೊತ್ತಿತ್ತು, ಕಾರು ನಿಲ್ಲದಿದ್ದರೆ.

ಇವತ್ತಿನ ವಿಮಾನ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಾಳೆ ಮಧ್ಯಾಹ್ನ ಸೃಷ್ಟಿಯ ಶಾಲೆಯಲ್ಲಿ ಅಜ್ಜ ಅಜ್ಜಿಯರಿಗೆ ಚಹಾ. ಮಕ್ಕಳು ತಮ್ಮ ಅಜ್ಜಿಯನ್ನೋ ಅಜ್ಜನನ್ನೋ ಕೈ ಹಿಡಿದು ಕರೆತಂದು ಕ್ಲಾಸಿಗೆ ಪರಿಚಯ ಮಾಡಿಸುತ್ತಾರೆ. ಹೋದ ವರ್ಷ ಸೃಷ್ಟಿ ಟೀಚರ್ ಪಕ್ಕದಲ್ಲಿ ಕುಳಿತು ಬಿಸ್ಕೀಟು ತಿಂದು ಬಂದಿದ್ದಳು. ಈ ಸಲ ಬರುವವರ ಹೆಸರು ಬರೆದು ಕೊಡುವ ಚೀಟಿ ಹತ್ತು ದಿನದಿಂದ ಫ್ರಿಜ್ಜಿನ ಮೇಲೆ ಅಂಟಿಕೊಂಡಿದೆ. ಹೆಸರಿನ ಜಾಗ ಖಾಲಿ. ಕೊಡಲು ಇವತ್ತು ಬೆಳಿಗ್ಗೆಯೇ ಕೊನೆ.

“ನಾನು ಬರೀಲೇನು?” ಎಂದು ಮೂರು ಸಲ ಕೇಳಿದ್ದೆ.

“ನೋ ಅಮ್ಮಾ. ಫಸ್ಟ್ ಅಜ್ಜಿಯನ್ನ ಕೇಳಬೇಕು. ಐ ವಿಲ್ ಆಸ್ಕ್. ನಾಟ್ ಯೂ.”

ಕೇಳಲಿ ಎಂದು ನಾನು ಕಾಯುತ್ತಿದ್ದೆ. ಸೃಷ್ಟಿಗೆ ಏಳು ವರ್ಷ. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಯುಗಾದಿಯ ದಿನ ಫೋನಿನಲ್ಲಿ ಅಜ್ಜಿಗೆ ಒಂದೇ ಒಂದು ಸಾಲು ಕನ್ನಡ ಹೇಳಿದ್ದಳು. ಆ ಕಡೆ ಇದ್ದವರೆಲ್ಲ ಮುದ್ದಿನಿಂದಲೇ ಗೊಳ್ಳೆಂದು ನಕ್ಕರು. ಅಜ್ಜಿಯೂ ನಕ್ಕರು. ಅವತ್ತಿನಿಂದ ಅವಳು ಅಜ್ಜಿಯ ಮುಂದೆ ಬಾಯಿ ಬಿಟ್ಟಿಲ್ಲ. ಹೇಳಬೇಕಾದ್ದನ್ನು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಾಳೆ, ನಾನು ಕನ್ನಡ ಮಾಡಿ ದಾಟಿಸುತ್ತೇನೆ. ಈ ಒಂದು ಪ್ರಶ್ನೆಯನ್ನು ಮಾತ್ರ ದಾಟಿಸಲು ಬಿಡಳು, ತಾನೂ ಕೇಳಳು. ನಾನೇ ಅತ್ತೆಗೆ ಹೇಳಿಬಿಟ್ಟಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ ಅದು ಅವಳ ಪ್ರಶ್ನೆ.

ನಕಾಶೆ ತೆರೆದೆ. ನೀಲಿ ಚುಕ್ಕೆ ಹೆದ್ದಾರಿಯ ಪಕ್ಕದಲ್ಲಿ ಅಲುಗಾಡದೆ ಕೂತಿತ್ತು. ಅತ್ತೆಗೆ ಕಾಲ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಗಂಡ ಸಂಗಮೇಶ ಐದಕ್ಕೇ ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಗೆ ಹೋಗಿಯಾಗಿತ್ತು. ಅಲ್ಲಿ ಫೋನು ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು.

“ಈಸ್ ಅಜ್ಜಿ ಲಾಸ್ಟ್?” ಸೃಷ್ಟಿ ಒಂದು ಜಡೆ, ಒಂದು ಬಿಚ್ಚುಗೂದಲಿನಲ್ಲಿ ನನ್ನ ಸೊಂಟಕ್ಕೆ ಒರಗಿ ಕೇಳಿದಳು.

“ಇಲ್ಲವ್ವಾ. ಎಲ್ಲೋ ನಿಂತಾರ. ನೋಡೂಣು ತಡಿ.”

ನನ್ನ ಧ್ವನಿ ಚೆನ್ನಾಗಿಯೇ ಇತ್ತು. ಕೈ ಮಾತ್ರ ಡಬ್ಬಿಗೆ ಹಾಕಬೇಕಾದ ಉಪ್ಪಿಟ್ಟನ್ನು ಮತ್ತೆ ಬಾಣಲೆಗೇ ಸುರಿದಿತ್ತು.

ಆಗ ಡ್ರೈವರ್ ಶೆನ್‌ನಿಂದ ಸಂದೇಶ ಬಂತು. ಅವನು ಚೀನಿಯಲ್ಲಿ ಬರೆದದ್ದನ್ನು ಆ್ಯಪ್ ತಾನೇ ಅನುವಾದ ಮಾಡಿತ್ತು. ‘ಗ್ರಾಹಕರೇ ನಮಸ್ಕಾರ. ನಿಮ್ಮ ತಾಯಿಯವರು ನನಗೆ ಊಟ ಮಾಡಲು ಆಜ್ಞೆ ಮಾಡಿದ್ದಾರೆ. ಕಂಪನಿಯ ನಿಯಮದಂತೆ ಇದಕ್ಕೆ ಅವಕಾಶವಿಲ್ಲ. ನಾನು ಮೂರು ಬಾರಿ ನಿರಾಕರಿಸಿದೆ. ಪ್ರತಿ ಬಾರಿಯೂ ಆಹಾರ ಹೆಚ್ಚಾಗುತ್ತಿದೆ. ಈಗ ನಾನು ಏನು ಮಾಡಲಿ?’

ಕುರ್ಚಿಯ ಮೇಲೆ ಕುಳಿತುಬಿಟ್ಟೆ. ನಗು ಎಲ್ಲಿಂದ ಬಂತೋ, ಕಣ್ಣಲ್ಲಿ ನೀರು ಬಂತು. ನಮ್ಮ ಕಡೆ ಊಟಕ್ಕೆ ಕುಳಿತವರು ಬೇಡ ಎಂದರೆ ಸಂಕೋಚ ಎಂದರ್ಥ, ಇನ್ನೊಂದು ರೊಟ್ಟಿ ಹಾಕಬೇಕು ಎಂದರ್ಥ. ಪಾಪ, ಶೆನ್‌ಗೆ ಅದು ಹೇಗೆ ಗೊತ್ತಾಗಬೇಕು?

‘ತಿಂದುಬಿಡಿ,’ ಎಂದು ಬರೆದೆ. ‘ತಿನ್ನದೆ ಅವರು ಗಾಡಿ ಹತ್ತುವುದಿಲ್ಲ. ಬೇಗ ತಿನ್ನಿ.’

ಸ್ವಲ್ಪ ಹೊತ್ತಿಗೆ ಅತ್ತೆಯ ಫೋನಿನಿಂದ ವೀಡಿಯೋ ಕಾಲ್ ಬಂತು. ಫೋನು ಹಿಡಿದವನು ಶೆನ್. ನಲವತ್ತರ ಆಸುಪಾಸಿನ ಮನುಷ್ಯ, ಬಿಳಿ ಅಂಗಿ, ಬಿಳಿ ಕೈಗವಸು. ಒಂದನ್ನು ಕಳಚಿ ಜೇಬಿಗೆ ತುರುಕಿದ್ದ. ಆ ಕೈಯಲ್ಲಿ ಕಡಕ್ ರೊಟ್ಟಿಯ ಚೂರು, ಮೂಗಿನ ತುದಿ ಕೆಂಪಗೆ. ಅವನ ಹಿಂದೆ ಅರಮನೆಯಂಥ ಕಟ್ಟಡ, ಬಿಳಿ ಗೋಡೆ, ಕಪ್ಪು ಹೆಂಚು, ನಡುವೆ ನೀರಿನ ಕಾಲುವೆ. ಹೆದ್ದಾರಿಯಲ್ಲಿ ಹೋಗುವವರು ನಿಂತು ಊಟ ಮಾಡುವ ಜಾಗವಂತೆ. ಕಾಲುವೆಯ ಕಟ್ಟೆಯ ಮೇಲೆ ಅತ್ತೆ ಬುತ್ತಿ ಬಿಚ್ಚಿ ಕುಳಿತಿದ್ದರು.

“ಅತ್ತೀ, ಫೋನ್ ಯಾಕ ಎತ್ತವಲ್ರಿ? ನಮಗ ಜೀವಾ ಹೋಗಿತ್ತು ಇಲ್ಲಿ.”

“ಕೈ ಎಂಜಲಾಗಿತ್ತವ್ವಾ. ಎಂಜಲಗೈಲೆ ಹೆಂಗ ಮುಟ್ಟಲಿ?” ಎಂದರು ಅತ್ತೆ, ಏನೂ ಆಗದವರ ಹಾಗೆ. “ಗಾಡಿ ಹತ್ತಿದ ಕೂಡ್ಲೆ ಇವ್ರ ಮಾತಿನಾಗ ಕೇಳಿದ್ನಿ, ಊಟ ಆತೇನಪಾ ಅಂತ. ವೀರಭದ್ರ ಕಲಿಸ್ಯಾನಲ್ಲ. ಇಲ್ಲಂತಂದ. ನನ್ನ ಬಿಟ್ಟು ತಿರುಗಿ ಬಂದ ಮ್ಯಾಲೆ ಉಣ್ತಾನಂತ. ಅಂದ್ರ ಸಂಜಿ ಐದಕ್ಕ. ಹಸದ ಮನಶ್ಯಾನ ಹಿಂದ ಕುಂತು ನಾ ಒಬ್ಬಾಕಿನ ಬುತ್ತಿ ತಿನ್ನಲೇನು?”

“ವಿಮಾನದ ಹೊತ್ತು ನೋಡ್ರಿ ಅತ್ತೀ.”

“ನೋಡೀನಿ ತಗಿ. ಹುಬ್ಬಳ್ಳಿ ಬಸ್ಸಿಗೂ ನಾ ಒಂದ ತಾಸ ಮೊದಲ ಹೋಗಾಕಿ.”

ಶೆನ್ ತನ್ನ ಫೋನಿಗೆ ಏನೋ ಹೇಳಿದ. ಅದು ಕನ್ನಡದಲ್ಲಿ ನಿಧಾನವಾಗಿ, ಗಂಭೀರವಾಗಿ ನುಡಿಯಿತು: “ಪೂಜ್ಯ ವೃದ್ಧ ಮಾತೆಯೇ, ಈ ಪುಡಿಯು ಅತ್ಯಂತ ಖಾರವಾಗಿದೆ. ಇನ್ನೂ ಸ್ವಲ್ಪ ದೊರೆಯಬಹುದೇ?”

“ನೋಡು, ಈ ಫೋನು ಪುರಾಣ ಹೇಳೋ ಶಾಸ್ತ್ರಿಗಳಂಗ ಮಾತಾಡ್ತೈತಿ,” ಎಂದು ಅತ್ತೆ ಅವನ ರೊಟ್ಟಿಯ ಮೇಲೆ ಶೇಂಗಾ ಪುಡಿ ಹಾಕಿ ಎಣ್ಣೆ ಬಿಟ್ಟರು. “ಒಂದ ರೊಟ್ಟಿ ತಿಂದಾನ, ಸೌಂದರ್ಯಾ. ಎರಡನೇದು ಇದು. ಮಂದಿಗೆ ಒಂದ ರೊಟ್ಟಿ ಕೊಟ್ಟು ಎಬ್ಬಿಸಬಾರದು.”

ನನ್ನ ಪಕ್ಕದಲ್ಲಿ ಸೃಷ್ಟಿ ಕಟ್ಟೆಗೆ ಗಲ್ಲ ಊರಿ ಫೋನಿನೊಳಗೇ ಇಳಿದುಬಿಡುವ ಹಾಗೆ ನೋಡುತ್ತಿದ್ದಳು. ನನ್ನ ಕಿವಿ ಹತ್ತಿರ ಎಳೆದುಕೊಂಡು, ಆ ಅಂಕಲ್‌ಗೆ ಹೊಟ್ಟೆ ತುಂಬಿತಾ ಎಂದು ಕೇಳು ಎಂದಳು. ನಾನು ಕೇಳಿದೆ. ಅತ್ತೆ ಅದನ್ನು ಶೆನ್‌ನ ಫೋನಿಗೆ ಹೇಳಿದರು, ಫೋನು ಚೀನಿಯಲ್ಲಿ ಶೆನ್‌ಗೆ ಹೇಳಿತು. ಅವನು ಹೊಟ್ಟೆ ಮುಟ್ಟಿಕೊಂಡು ಕೆನ್ನೆ ಉಬ್ಬಿಸಿ ತೋರಿಸಿದ. ಸೃಷ್ಟಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

ಇಬ್ಬರೂ ಕೈ ತೊಳೆದು ಗಾಡಿ ಹತ್ತಿದಾಗ ಅಲ್ಲಿ ಎರಡೂವರೆ ದಾಟಿತ್ತು. ಶೆನ್ ಗಡಿಯಾರ ತೋರಿಸಿ, ಬೆರಳು ಮಡಚಿ, ತಲೆಯಾಡಿಸಿದ. ನಾಲ್ಕೂವರೆಗೆ ಮುಟ್ಟಿಸುತ್ತೇನೆ ಎಂದು ಸಂದೇಶವೂ ಬಂತು. ನೀಲಿ ಚುಕ್ಕೆ ಅಲುಗಿತು. ಉಪ್ಪಿಟ್ಟು ಡಬ್ಬಿ ಸೇರಿತು. ಕಾಲ್ ಕಡಿಯದೆ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಪಾತ್ರೆಗೆ ಕೈ ಹಾಕಿದೆ. ಕಿಟಕಿಯ ಹೊರಗೆ ಸ್ಟೇಡಿಯಂನ ಕಮಾನಿನ ಮೇಲೆ ಬಿಸಿಲು ಬಿದ್ದಿತ್ತು.

ಮುಂದಿನ ಸಲ ಬಂದಾಗ ನಿನಗೆ ಬಿಸಿ ಅಡುಗೆ ಮಾಡಿ ಹಾಕುತ್ತೇನೆ ಎಂದು ಅತ್ತೆಗೆ ಈಗ ಶೆನ್‌ಗೆ ಹೇಳಬೇಕಿತ್ತು, ಅದೂ ಯಂತ್ರದ ಬಾಯಲ್ಲಲ್ಲ, ತಮ್ಮ ಬಾಯಲ್ಲೇ. ವೀರಭದ್ರ ಕಲಿಸಿದ್ದನ್ನೆಲ್ಲ ಜೋಡಿಸಿ, ಬೆರಳೆಣಿಸಿ, ಗಂಟಲು ಸರಿ ಮಾಡಿಕೊಂಡು ಚೀನಿಯಲ್ಲಿ ಉದ್ದದ್ದೊಂದು ವಾಕ್ಯ ಹೇಳಿದರು.

ಮುಂದಿನ ಸೀಟಿನಲ್ಲಿ ಶೆನ್‌ನ ಹೆಗಲು ಮೊದಲು ನಡುಗಿತು. ತಡೆದುಕೊಂಡ. ತಡೆಯಲಾಗಲಿಲ್ಲ. ಸ್ಟೀರಿಂಗ್ ಬಡಿದು ಬಡಿದು ನಕ್ಕ. ಅವನ ಫೋನು ಅಷ್ಟೇ ಗಂಭೀರವಾಗಿ ಹೇಳಿತು: “ಕ್ಷಮಿಸಿರಿ. ತಾವು ನನ್ನನ್ನು ಬೇಯಿಸುವುದಾಗಿ ಹೇಳಿದಿರಿ.”

ಸೃಷ್ಟಿ ನಗಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು, ಹುಬ್ಬು ಗಂಟು ಹಾಕಿಕೊಂಡು. ಅಜ್ಜಿ ಏನು ಮಾಡುತ್ತಾರೋ ಎಂಬಂತೆ.

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಶೆನ್‌ಗಿಂತ ಜೋರಾಗಿ ನಕ್ಕರು. ಕಣ್ಣೊರೆಸಿಕೊಂಡರು. ಆಮೇಲೆ ಅದೇ ವಾಕ್ಯವನ್ನು ಮತ್ತೆ ಮೊದಲಿನಿಂದ ಹೇಳಿದರು. ಶೆನ್ ನಗುತ್ತಲೇ ಒಂದೊಂದೇ ಪದ ತಿದ್ದಿದ. ಮೂರನೆಯ ಸಲಕ್ಕೆ ಅವನು ಹೆಬ್ಬೆರಳು ಎತ್ತಿದ.

“ಅತ್ತೀ, ಅಷ್ಟು ನಕ್ಕನಲ್ರಿ ಅವ,” ಎಂದೆ ನಾನು, ಸೋಪಿನ ಕೈಯಲ್ಲೇ.

“ನಗದ ಏನ ಮಾಡ್ತಾನ? ನಾ ಅಂದದ್ದು ಹಂಗೈತಿ,” ಎಂದರು ಅತ್ತೆ. “ಸುಝೌದಾಗ ಕೆಳಗಿನ ಮನಿ ಹೆಂಗಸರು ದಿನಾ ನಗತಿದ್ರು. ನಾನೂ ದಿನಾ ಹೋಗಿ ಮಾತಾಡ್ತಿದ್ನಿ. ನಕ್ಕು ನಕ್ಕು ಕಡೀಕ ಕೈ ಹಿಡದು ಒಳಗ ಕರದು ಚಾ ಕೊಟ್ರು. ಬಾಯಿ ಮುಚ್ಚಿಕೊಂಡು ಕುಂತಿದ್ರ ಆ ಚಾ ಸಿಗತಿತ್ತೇನು?” ಆಮೇಲೆ ಫೋನಿನೊಳಗೆ ಇಣುಕಿ, “ನಮ್ಮ ಕೂಸ ಎಲ್ಲೈತಿ? ಒಂದ ಕಣ್ಣ ಅಷ್ಟ ಕಾಣಾಕತ್ತೈತಿ ನನಗ,” ಎಂದರು.

ಒಂದು ಕಣ್ಣು, ಒಂದು ಜಡೆ. ಸೃಷ್ಟಿ ಫೋನಿನ ಅಂಚಿಗೆ ಬಂದು ನಿಂತಿದ್ದಳು. ರೂಢಿಯಂತೆ ನನ್ನ ಕಿವಿ ಹಿಡಿಯಲು ಕೈ ಚಾಚಿದಳು. ನಾನು ಬಗ್ಗಲಿಲ್ಲ. ಕೈಯಲ್ಲಿ ಬಾಣಲೆ ಇತ್ತು, ತಿಕ್ಕುವುದು ಇನ್ನೂ ಬಹಳ ಇತ್ತು. ಇರದಿದ್ದರೂ ಇದೆ ಎಂದೇ ತಿಕ್ಕುತ್ತಿದ್ದೆನೇನೋ. ಅವಳು ನನ್ನ ತೋಳು ಜಗ್ಗಿದಳು. “ಅಮ್ಮಾ,” ಎಂದು ಪಿಸುಗುಟ್ಟಿದಳು. “ಅಮ್ಮಾ, ಸಾಲಿ ಅಂದ್ರೆ ಸ್ಕೂಲ್, ಅಲ್ಲಾ?”

“ಹೂಂ.”

“ಅವರು ನಕ್ಕರೆ?”

“ನಕ್ಕರೆ ನೀನೂ ನಗು.”

ಫ್ರಿಜ್ಜಿನ ಮೇಲಿನ ಚೀಟಿಯನ್ನು ಕಿತ್ತು ತಂದಳು. ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡಳು. ಅಪ್ಪ ಹಾಗೆ ಮಾಡುತ್ತಾನೆ. ಕುರ್ಚಿ ಎಳೆದು ಮೇಲೆ ಹತ್ತಿ, ಸಕ್ಕರೆ ಡಬ್ಬಿಯ ಹತ್ತಿರ ಎರಡೂ ಕಣ್ಣು ಕಾಣುವ ಹಾಗೆ ಮುಖ ತಂದಳು. ಆ ಕಡೆ ಅತ್ತೆ ಫೋನನ್ನು ಮುಖದ ಹತ್ತಿರ ತಂದುಕೊಂಡರು. ಶೆನ್ ಕೂಡ, ಏನು ತಿಳಿಯಿತೋ, ತನ್ನ ಫೋನಿನ ಸದ್ದು ಕಡಿಮೆ ಮಾಡಿದ. ನಾನು ನಲ್ಲಿ ನಿಲ್ಲಿಸಿದೆ.

“ಅಜ್ಜಿ,” ಎಂದಳು ಸೃಷ್ಟಿ, ಗಟ್ಟಿಯಾಗಿ. “ನಾಳೆ… ನಾಳೆ ನನ್ನ ಸಾಲಿ ಚಾ ಇದೆ. ಎಲ್ಲಾರ ಅಜ್ಜಿ ಬರ್ತಾರೆ. ನೀನು ನನ್ನ ಜೊತಿಗೆ ಬರ್ತೀಯಾ?”