ಬಚ್ಚಲಿಗೆ ಬಂದ ಬೆಂಕಿಬೆಟ್ಟದ ಕಲ್ಲು

ನಾನು ಒಂದು ಕಲ್ಲು. ಆದರೆ ನೀರಿಗೆ ಹಾಕಿದರೆ ತೇಲುತ್ತೇನೆ. ಅಷ್ಟು ಜಂಬ ನನಗಿರಲಿ.

ಇಂಡೋನೇಷ್ಯಾದ ಒಂದು ಜ್ವಾಲಾಮುಖಿಯ ಹೊಟ್ಟೆಯಲ್ಲಿ ನಾನು ಕರಗಿದ ಪಾಕವಾಗಿದ್ದೆ. ನನಗಿಂತ ಮೊದಲೇ ಮೇಲೆ ಹೋಗಿ ಗಟ್ಟಿಯಾದ ಅಣ್ಣಂದಿರು ಬೆಟ್ಟದ ಬಾಯಲ್ಲಿ ಗುಮ್ಮಟದಂತೆ ಕೂತಿದ್ದರು. ಪಾಕ ಮೇಲೇರಿದಂತೆ ಅದರೊಳಗಿನ ಅನಿಲ ಗುಳ್ಳೆಯಾಗುತ್ತದೆ. ಗುಮ್ಮಟದ ಬಿರುಕುಗಳಿಂದ ಅದು ಹೊರಗೆ ಹೋಗುತ್ತಿರುವವರೆಗೂ ಬೆಟ್ಟ ಸಾಧು. ಗುಮ್ಮಟ ಮೆಲ್ಲಗೆ ಬೆಳೆಯುತ್ತದೆ, ಅಷ್ಟೇ. ಆ ವರ್ಷ ಬಿರುಕುಗಳು ಮುಚ್ಚಿಕೊಂಡವು. ಮೇಲೆ ಹೊಗೆ ಕಡಿಮೆಯಾಯಿತು, ಕೆಳಗೆ ನಮಗೆ ಉಸಿರುಗಟ್ಟಿತು. ಒಂದು ಬೆಳಿಗ್ಗೆ ಗುಮ್ಮಟ ಸಿಡಿಯಿತು. ನೊರೆಯಾಗಿ ಹಾರಿದ ನಾನು ಗಾಳಿಯಲ್ಲೇ ಆರಿ ಕಲ್ಲಾದೆ. ಮೈತುಂಬ ತೂತು ಉಳಿದವು.

ನನ್ನನ್ನು ಎತ್ತಿಕೊಂಡವಳು ಧಾರವಾಡದ ನೀಲಾಂಬಿಕಾ. ಬೆಟ್ಟದ ಅನಿಲ ಅಳೆಯುವುದು ಅವಳ ಕೆಲಸ. ನನ್ನನ್ನು ಚೀಲಕ್ಕೆ ಹಾಕಿಕೊಂಡು ಊರಿಗೆ ಬಂದು ಕಿಟಕಿಯಲ್ಲಿಟ್ಟಳು. ಆರು ತಿಂಗಳು ಅವಳು ಅತ್ತಿದ್ದಿಲ್ಲ, ನಕ್ಕಿದ್ದಿಲ್ಲ. ತಾಯಿ ಗುರುಸಿದ್ದವ್ವ ಮಾತ್ರ "ಮಗಳು ಶಾಂತ ಆಗ್ಯಾಳ" ಎಂದು ನೆರೆಮನೆಯವರಿಗೆಲ್ಲ ಹೇಳಿಕೊಂಡು ಬಂದಳು. ಬಿರುಕು ಮುಚ್ಚಿಕೊಂಡರೆ ಏನಾಗುತ್ತದೆಂದು ಬಲ್ಲವನು ನಾನು, ನನಗೆ ಹೆದರಿಕೆಯಾಗುತ್ತಿತ್ತು.

ಒಂದು ದಿನ ಗುರುಸಿದ್ದವ್ವ ನನ್ನನ್ನು ಬಚ್ಚಲಿಗೆ ಒಯ್ದು ಒಡೆದ ಹಿಮ್ಮಡಿ ತಿಕ್ಕತೊಡಗಿದಳು. ಸಂಶೋಧನೆಯ ಕಲ್ಲೆಂಬ ನನ್ನ ಮರ್ಯಾದೆ ಅಲ್ಲಿಗೆ ಮುಗಿಯಿತು!

"ಎಷ್ಟ್ ಚಂದ ತಿಕ್ಕತೈತಿ ನೀಲಾ! ನನಗಂತ ತಂದೀಯೇನ?"

ನೀಲಾ ಬಾಗಿಲಲ್ಲಿ ನಿಂತು ಕಿರುಚಿದಳು. "ಇಡವ್ವಾ ಅದನ್ನ! ನಮಗ ದಾರಿ ತೋರಸತಿದ್ನಲ್ಲ ಹರ್ಜೊ ಅಜ್ಜ, ಅವನ್ನ ಕೊಂದ ಬೆಟ್ಟದ್ದು ಅದು! ಹೊಗಿ ಕಡಿಮಿ ಆಗೇತಿ, ಮ್ಯಾಲೆ ಹೋಗಿ ಬಾ ಅಂತ ನಾನ ಹೇಳಿದ್ನೆವ್ವಾ!"

ಆಮೇಲೆ ಅತ್ತಳು. ಬಚ್ಚಲ ಕಟ್ಟೆಯ ಮೇಲೆ ಕುಸಿದು ಕೂತು ಅತ್ತಳು.

"ನಾನೂ ಹುಚ್ಚಿ, ಸುಮ್ನಾಗಿದ್ದು ನೋಡಿ ಆರಾಮ ಆಗ್ಯಾಳ ಅಂದ್ಕೊಂಡೆ" ಎಂದು ತಾಯಿ ಒದ್ದೆ ಕೈಯಲ್ಲೇ ತಬ್ಬಿಕೊಂಡಳು. "ಅವನ ಹೆಂಡತಿಗೆ ಹೇಳೀಯೇನ ಇದನ್ನ?"

"ಇಲ್ಲ."

"ಹೇಳು ಮಗಳ. ಬೈದ್ರ ಬೈಸ್ಕೊ."

ಈಗ ನಾನು ಸವೆದು ನಿಂಬೆಹಣ್ಣಿನಷ್ಟಾಗಿ ಬಚ್ಚಲ ಗೂಡಿನಲ್ಲಿದ್ದೇನೆ. ತಾಯಿಯ ಹಿಮ್ಮಡಿಯನ್ನು ನೀಲಾಳೇ ತಿಕ್ಕುತ್ತಾಳೆ. ಮುಗಿದುಹೋಗುವುದಕ್ಕೆ ನನಗೆ ಬೇಸರವಿಲ್ಲ. ಕೇಳಬೇಕಾದ ಮಾತನ್ನು ಕೇಳಿಯಾಗಿದೆ. ಹರ್ಜೊನ ಹೆಂಡತಿಗೆ ಫೋನ್ ಮಾಡಿದ ದಿನ ನೀಲಾ ನನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಒಂದೂ ಬಿಡದೆ ಹೇಳಿದಳು. ಎಲ್ಲ ಕೇಳಿದ ಮೇಲೆ ಆಚೆಯಿಂದ ಆ ಮುದುಕಿ ನನ್ನ ತವರಿನ ಭಾಷೆಯಲ್ಲಿ ಕೇಳಿದಳು:

"ಊಟ ಮಾಡಿದೆಯಾ, ಮಗಳೇ?"