ಠಣ್ ಎನ್ನುವ ಫರಸಿ

ಗಾಜು ನಡುಗುತ್ತಿದೆ, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿರುವ ಹಳೆಯ ಫೋನುಗಳೂ ಸಣ್ಣಗೆ ನಡುಗುತ್ತಿವೆ, ಇದೇನು, ಎಲ್ಲದಕ್ಕೂ ಒಂದೇ ಸಲ ಕರೆ ಬಂತೇ ಎಂದು ವಿಠೋಬಾ ಅಂಗೈ ಊರಿ ನೋಡಿದ, ತಲೆಯೆತ್ತಿದರೆ ಅಂಗಡಿಯಾಚೆ ಹಳಿಯ ಮೇಲೆ ಗೂಡ್ಸ್ ಗಾಡಿ, ಓ ಇದಾ, ವಾಡಿಯಲ್ಲಿ ಗೂಡ್ಸಿಗೇನು ಬರ, ಆದರೂ ಬಂದದ್ದೇ ಗೊತ್ತಾಗಲಿಲ್ಲ, ಈಗೀಗ ಡ್ರೈವರುಗಳು ಹಾರ್ನ್ ಹಾಕುವುದನ್ನೇ ಬಿಟ್ಟಿದ್ದಾರೋ ಏನೋ — ಅದಿರಲಿ, ಇಷ್ಟೊಂದು ಫೋನುಗಳು ಯಾರವು, ಒಂದೊಂದೂ ಯಾರದೋ ಕಿಸೆಯಲ್ಲಿ ತಿರುಗಾಡಿ ಬಂದದ್ದು, ಈ ನೀಲಿಯದರ ಒಂದು ಮೂಲೆ ಮಾತ್ರ ಸವೆದಿದೆ, ಎಡಗೈಯವನದಿರಬೇಕು, ಆ ಕೆಂಪಿನದರ ಬೆನ್ನಿಗೆ ಅರ್ಧ ಕಿತ್ತ ಗುಲಾಬಿಯ ಚೀಟಿ, ಯಾವ ಹುಡುಗಿಯದೋ, ಈಗ ಯಾವುದರಲ್ಲಿ ಮಾತಾಡುತ್ತಾಳೋ. ಇವನ ಹಳೆಯ ಫೋನು ಮಗಳು ರಾಧಿಕಾ ಚಿಂಚೋಳಿಯಲ್ಲಿ ನರ್ಸಾಗಿ ಸೇರಿದಾಗ ಕೊಡಿಸಿದ್ದು, ತೂತುಗಳಲ್ಲೆಲ್ಲ ಕಲ್ಲಿನ ಪುಡಿ, ಅವಳ ದನಿ ಹಿಟ್ಟಿನ ಚೀಲದೊಳಗಿಂದ ಬಂದಂತೆ ಬರುತ್ತದೆ, ಅಪ್ಪಾ ಕಂತಿನ ಮ್ಯಾಲ ಹೊಸಾದು ಕೊಡಸ್ತೀನಿ ಸುಮ್ನ ತಗೋ, ಬ್ಯಾಡವ್ವ ಬ್ಯಾಡ, ಕಂತು ತಪ್ಪಿದರೆ ಫೋನು ತಾನೇ ಬೀಗ ಹಾಕಿಕೊಳ್ಳುತ್ತದಂತೆ, ಕೈಯಲ್ಲಿ ಹಿಡಿದವನು ಇವನು, ಬೀಗದ ಕೈ ಇನ್ಯಾರದೋ ಬಳಿ, ಅಂಥ ಹಂಗು ಯಾರಿಗೆ ಬೇಕು. ಕಂತಿಲ್ಲ ಸಹಿ ಇಲ್ಲ ಕಾಕಾ, ಇದು ಒಬ್ರು ವಾಪರಿಸಿ ಮಾರಿದ್ದು, ಇದು ಕಂಪನಿಯವ್ರೇ ರಿಪೇರಿ ಮಾಡಿ ಗ್ಯಾರಂಟಿ ಕೊಟ್ಟಿದ್ದು, ನಿಮ್ ಸಿಮ್ ಹಾಕಿದ್ರ ಮುಗೀತು ನೋಡ್ರಿ, ಎನ್ನುತ್ತಾನೆ ಅಂಗಡಿಯ ಮತೀನ, ಒಳ್ಳೆಯ ಹುಡುಗ, ಆದರೆ ಯಾಕಿಷ್ಟು ಒದರಿ ಮಾತಾಡುತ್ತಾನೆ, ಮನೆಯಲ್ಲಿ ಹೆಂಡತಿ ಅನಸುಬಾಯಿಗೂ ಅದೇ ಚಾಳಿ ಅಂಟಿಕೊಂಡಿದೆ.

ನೀಲಿ ಫೋನನ್ನು ಎರಡು ಬೆರಳಲ್ಲಿ ತೂಗಹಿಡಿದು ಗೆಣ್ಣಿನಿಂದ ತಟ್ಟಿದ, ಮತೀನ ನಕ್ಕೇಬಿಟ್ಟ, ಕಾಕಾ, ಅದು ಫರಸಿ ಅಲ್ರಿ. ಏನು ಮಾಡುವುದು, ಕೈಗೆ ಅದೇ ರೂಢಿ, ರಾವೂರಿನ ಕಲ್ಲಿನ ಖಣಿಯಲ್ಲಿ ಯಾವ ಫರಸಿ ಹಾಸುಗಲ್ಲೂ ವಿಠೋಬಾ ತಟ್ಟದೆ ಲಾರಿ ಏರುವುದಿಲ್ಲ, ಕಲ್ಲನ್ನು ನಿಲ್ಲಿಸಬೇಕು, ಸುತ್ತಿಗೆ ತಾಗಿಸಬೇಕು, ಬಿಳಿ ಧೂಳು ಹಾರುತ್ತದೆ, ಠಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆಲ್ಲೋ ಸೀಳು, ಬದಿಗೆ ಸರಿಸು. ಕೂಲಿಗಳ ಮುಕಾದಮ ಅಂಬರಾಯ ಬೇರೆ ಯಾರ ಮಾತನ್ನೂ ಕೇಳುವವನಲ್ಲ, ವಿಠೋಬಾ ಹೂಂ ಅಂದ್ರ ಏರಸ್ರಿ, ಇಲ್ಲಂದ್ರ ಬಿಡ್ರಿ, ಆ ಹೂಂ ಒಂದು ಇರುವುದಕ್ಕೇ ಈ ವಯಸ್ಸಿನಲ್ಲಿ ಬೆನ್ನ ಮೇಲೆ ಕಲ್ಲು ಹೊರುವುದು ತಪ್ಪಿದೆ, ಊರಲ್ಲಿ ಒಂದು ಮರ್ಯಾದೆ ಇದೆ. ಮೊನ್ನೆ ಸೇಡಂನಲ್ಲಿ ಇಳಿಸುವಾಗ ಫರಸಿಗಳು ಸೀಳಿಕೊಂಡವಂತೆ, ಲಾರಿ ಕುಣಿಸಿಗೋತ ಹೋದ್ರ ಇನ್ನೇನ್ ಆಗ್ತದ ಎಂದು ವಿಠೋಬಾ ಡ್ರೈವರನ ಮೇಲೆ ಹರಿಹಾಯ್ದದ್ದೇ ಹಾಯ್ದದ್ದು, ಅವನು ತಲೆ ತಗ್ಗಿಸಿ ಲಾರಿಯ ಹಗ್ಗ ಸುತ್ತುತ್ತಿದ್ದ, ಪಾಪ. ಈ ಫೋನೇಕೆ ಠಣ್ ಎನ್ನಲಿಲ್ಲ, ಪ್ಲಾಸ್ಟಿಕ್ಕು, ಅದಕ್ಕೆಲ್ಲಿಯ ದನಿ.

ಮತೀನ ಸಿಮ್ ತೆಗೆದು ನೀಲಿಯದಕ್ಕೆ ಹಾಕಿ ರಾಧಿಕಾಗೆ ಫೋನ್ ಹಚ್ಚಿಕೊಟ್ಟ, ಅದೇ ಹಿಟ್ಟಿನ ಚೀಲ, ಕಂಪನಿಯ ಗ್ಯಾರಂಟಿಯದಕ್ಕೆ ಹಾಕಿದರೂ ಅದೇ ಚೀಲ, ಬಲಗಿವಿಯಿಂದ ಎಡಗಿವಿಗೆ ಬದಲಿಸಿದ, ಚೀಲದ ಬಾಯಿ ಇನ್ನೂ ಬಿಗಿಯಾಯಿತು, ಇದೇನು ಮೋಜು, ಎಲ್ಲ ಫೋನಿಗೂ ಒಂದೇ ರೋಗವೇ. ಮತೀನ ಹಳೆಯ ಫೋನಿಗೇ ಸಿಮ್ ತಿರುಗಿ ಹಾಕಿದ, ಸೂಜಿಯಿಂದ ಪುಡಿ ಕೆದರಿ ತೆಗೆದ, ಮತ್ತೆ ರಾಧಿಕಾಗೆ ಹಚ್ಚಿ ತನ್ನ ಕಿವಿಗೆ ಹಿಡಿದ, ಹಾಂ ಅಕ್ಕಾ ಸಾಫ್ ಕೇಳಲಿಕತ್ತದ್ರಿ, ಇಲ್ರೀ, ಅಪ್ಪನವ್ರು ಇಲ್ಲೇ ಅದಾರ, ಮಾತಾಡುತ್ತಾ ಆಡುತ್ತಾ ಅವನ ಮುಖದ ನಗು ಎಲ್ಲಿ ಹೋಯಿತು, ಯಾಕೆ ಹೀಗೆ ನೋಡುತ್ತಾನೆ, ಫೋನ್ ಕೆಳಗಿಟ್ಟು ಹತ್ತಿರ ಬಂದು, ಕಾಕಾ, ಫೋನ್ ಭಾಳ ಛಲೋ ಅದರಿ, ಇದನ್ನ ಬದಲಿ ಮಾಡಬ್ಯಾಡ್ರಿ, ಎನ್ನುತ್ತಾ ತನ್ನ ಕಿವಿಯ ಮೇಲೆ ಮೆಲ್ಲಗೆ ಬೆರಳಿಟ್ಟ.

ಕಿವಿ. ಎಂದಿನಿಂದ, ಶಬ್ದ ಹೋಗುವಾಗ ಯಾವ ದಾರಿಯಿಂದ ಹೋಗುತ್ತದೆ, ಕಣ್ಣಾದರೆ ಮಂಜಾಗಿ ತಿಳಿಸುತ್ತದೆ, ಕಿವಿ ಹೇಳದೆ ಕೇಳದೆ ಎದ್ದು ಹೋಗುತ್ತದೆಯೇ, ವಿಠೋಬಾಗೆ ಹೆದರಿಕೆಯಾಯಿತು, ಹೆದರಿಕೆಯೊಳಗೂ ತಿಳಿಯುವ ಚಪಲ ಬಿಡಲಿಲ್ಲ. ಸೇಡಂಗೆ ಹೋದ ಕಲ್ಲುಗಳು ಠಣ್ ಎಂದಿದ್ದವಲ್ಲ, ಎಂದಿದ್ದವೇ, ಸುತ್ತಿಗೆ ಬಿದ್ದದ್ದು ಕಣ್ಣಿಗೆ ಕಟ್ಟಿದೆ, ಬಿಳಿ ಧೂಳು ಹಾರಿದ್ದು ಕಟ್ಟಿದೆ, ಠಣ್ ಮಾತ್ರ ಯಾವ ಕಾಲದ್ದೋ, ಎಳೆವಯಸ್ಸಿನದನ್ನೇ ತಲೆ ಈಗಲೂ ಬಾರಿಸುತ್ತಿದೆಯೋ, ಆ ಡ್ರೈವರ, ಅಯ್ಯೋ ಆ ಡ್ರೈವರ. ನಾಳೆಯ ಲಾರಿ ಚಿತ್ತಾಪುರಕ್ಕೆ, ಅದರ ಕಲ್ಲು ನೆಲಕ್ಕಲ್ಲ, ಯಾರದೋ ಮನೆಯ ಮಾಳಿಗೆಗೆ, ಆ ಕಲ್ಲಿನಡಿ ಹಾಸಿಗೆ ಹಾಸುತ್ತಾರೆ, ಕೂಸಿನ ತೊಟ್ಟಿಲು ಕಟ್ಟುತ್ತಾರೆ, ಬೆಳಿಗ್ಗೆ ಅಂಬರಾಯ ಬಂದು ನಿಲ್ಲುತ್ತಾನೆ, ವಿಠೋಬಾ, ಕಲ್ಲು ಏನಂತದ — ಅಂಗಡಿಯ ಮೆಟ್ಟಿಲಿಗೂ ಫರಸಿಯೇ ಹಾಕಿದ್ದಾರೆ, ಕುಕ್ಕರಗಾಲಲ್ಲಿ ಕುಳಿತು ಗೆಣ್ಣಿನಿಂದ ತಟ್ಟಿದ, ಇನ್ನೊಮ್ಮೆ ತಟ್ಟಿದ, ಬೆರಳಿಗೆ ನೋವಾಗುತ್ತದೆ, ಹೂಂ ಎನ್ನಬೇಕೇ, ಏನೆನ್ನಬೇಕು, ಸುತ್ತಿಗೆ ಬೀಳುತ್ತದೆ, ಬಿಳಿ ಧೂಳು ಹಾರುತ್ತದೆ, ಆಮೇಲೆ — ಸುತ್ತಿಗೆ ಬೀಳುತ್ತದೆ, ಬಿಳಿ ಧೂಳು ಹಾರುತ್ತದೆ, ಆಮೇಲೆ — ಬಿಳಿ ಧೂಳು