ನಲ್ಲಿ ತಿರುಗಿಸಿ ನೋಡುವ ಮನುಷ್ಯ

ಗ್ರಾಂಟನ್ ಮ್ವಕಿಯೊ ಯಾವ ಕಟ್ಟಡಕ್ಕೆ ಕಾಲಿಟ್ಟರೂ ಮೊಟ್ಟಮೊದಲು ಕೇಳುತ್ತಿದ್ದ ಪ್ರಶ್ನೆ, ಕಕ್ಕಸು ಎಲ್ಲಿದೆ ಎಂಬುದು. ಗೋದಾಮಿನ ಯಜಮಾನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ಕಾದಿರಲಿ, ವಿಮಾ ಕಂಪನಿಯ ಅಧಿಕಾರಿ ಕೈ ಕುಲುಕಲು ಮುಂದೆ ಬಂದಿರಲಿ, ಇವರು ಸೌಜನ್ಯಕ್ಕೆಂದು ಒಮ್ಮೆ ತಲೆಬಾಗಿ, ಕಕ್ಕಸು ಯಾವ ಕಡೆ ಎಂದು ವಿಚಾರಿಸಿ, ತೋರಿಸಿದ ದಿಕ್ಕಿಗೆ ನಿಧಾನವಾಗಿ ನಡೆದುಬಿಡುವರು. ಬಂದರುನಗರಿ ಮೊಂಬಾಸಾದ ಶಿಮಾಂಜಿ, ಚಾಂಗಾಮ್ವೆಗಳ ಕಾರ್ಖಾನೆ ಬೀದಿಗಳಲ್ಲಿ ಅವರಿಗೆ ಮೂತ್ರಕೋಶದ ವ್ಯಾಧಿಯಿದೆಯೆಂಬ ವದಂತಿ ಬಹುಕಾಲ ಹಬ್ಬಿತ್ತು. ಚಹಾ ಗೋದಾಮಿನ ಯಜಮಾನನೊಬ್ಬ ಕನಿಕರಪಟ್ಟು ಯಾವುದೋ ಬೇರಿನ ಕಷಾಯದ ಸೀಸೆಯನ್ನೇ ಕಳಿಸಿಕೊಟ್ಟಿದ್ದ. ಅವರು ಅದನ್ನು ವಂದನಾಪೂರ್ವಕ ಸ್ವೀಕರಿಸಿ ಕಚೇರಿಯ ಕಿಟಕಿಯಲ್ಲಿಟ್ಟರು. ನಾನು ಕೆಲಸ ಬಿಡುವವರೆಗೂ ಅದು ಅಲ್ಲೇ ಇತ್ತು.

ಕಕ್ಕಸಿನಲ್ಲಿ ಅವರು ಮಾಡುತ್ತಿದ್ದುದು ಒಂದೇ ಕೆಲಸ: ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ನೋಡುವುದು. ದೊಡ್ಡ ಕಟ್ಟಡಗಳಲ್ಲಿ ಬೆಂಕಿ ಕಾಣಿಸಿಕೊಂಡರೆ ಛಾವಣಿಯ ಸ್ಪ್ರಿಂಕ್ಲರುಗಳಿಂದ ತಾನಾಗಿ ನೀರು ಸುರಿಯುವ ವ್ಯವಸ್ಥೆಯನ್ನು ಯೋಜಿಸುವುದು ಅವರ ವೃತ್ತಿ. ಎಷ್ಟು ಪೈಪು, ಯಾವ ದಪ್ಪ, ಪಂಪು ಎಲ್ಲಿ, ಟ್ಯಾಂಕು ಎಷ್ಟು ದೊಡ್ಡದು ಎಂಬುದನ್ನೆಲ್ಲ ನಕ್ಷೆಯಲ್ಲಿ ಬರೆದು, ಕೂಡಿಸಿದ ಮೇಲೆ ಪರೀಕ್ಷಿಸಿ ಸಹಿ ಹಾಕುವವರು ಅವರು. ಹನ್ನೊಂದು ವರ್ಷ ಅವರ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದು ನಡೆದವನು ನಾನು. ಬೇರೆಯವರು ಗ್ರಂಥದ ಕೋಷ್ಟಕದಿಂದ ಯೋಜನೆ ಆರಂಭಿಸಿದರೆ ಇವರು ನಲ್ಲಿಯಿಂದ ಆರಂಭಿಸುತ್ತಿದ್ದರು. "ನಲ್ಲಿ ಒಣಗಿದ್ರೆ ಜನ ಸುಮ್ನೆ ಕೂರ್ತಾರಾ? ನೀರೆಲ್ಲಿದೆ ಅಂತ ಮೂಸ್ಕೊಂಡು ಬಕೆಟ್ ಹಿಡ್ಕೊಂಡು ಹೊರಡ್ತಾರೆ. ಬೆಂಕಿಗೆ ಅಂತ ನಾನಿಟ್ಟ ನೀರು ಮೊದಲು ಸಿಗೋದು ಅವರಿಗೇ," ಎನ್ನುವರು. ನಮ್ಮ ಊರಿನ ನಲ್ಲಿಗಳ ಸಂಗತಿ ಬಲ್ಲವರು ಯಾರೂ ಈ ಮಾತಿಗೆ ಎದುರಾಡುವುದಿಲ್ಲ.

ಆಳು ಎತ್ತರವಲ್ಲ, ತೈತಾ ಬೆಟ್ಟದವರ ಗಟ್ಟಿ ಮೈಕಟ್ಟು. ಕಡಲಿನ ಉಪ್ಪುಸೆಕೆಯಲ್ಲಿ ಮಿಕ್ಕವರು ಬನಿಯನ್ ಹಿಂಡುತ್ತಿರುವಾಗಲೂ ಮೊಣಕಾಲು ಮುಟ್ಟುವ ಖಾಕಿ ಕೋಟೊಂದು ಅವರ ಮೈಮೇಲೆ ಇರಲೇಬೇಕು. ಅದರ ಬಲಜೇಬಿನಲ್ಲಿ ಸೀಮೆಸುಣ್ಣ, ಎಡಜೇಬಿನಲ್ಲಿ ಹುರಿದ ಗೋಡಂಬಿ. ನಡಿಗೆ ವಿಚಿತ್ರ: ಪ್ರತಿ ಹೆಜ್ಜೆಯೂ ಒಂದೇ ಅಳತೆ, ತುಟಿಯಲ್ಲಿ ಸದಾ ಎಣಿಕೆ, ಅಡ್ಡದಾರಿ ಹಿಡಿಯುವ ಮಾತೇ ಇಲ್ಲ. ಮೊಮ್ಮಗಳ ಮದುವೆಯ ದಿನ, ವಧು ಚರ್ಚಿನ ಮೆಟ್ಟಿಲೇರುವ ಹೊತ್ತಿಗೆ, ಈ ಮಹಾನುಭಾವರು ಹಿಂಬಾಗಿಲಿಗೆ ಅಡ್ಡವಾಗಿ ಪೇರಿಸಿಟ್ಟಿದ್ದ ಕುರ್ಚಿಗಳನ್ನು ಒಂದೊಂದಾಗಿ ಹೊರಗೆ ಸಾಗಿಸುತ್ತಿದ್ದರು. ಬಂಧುಗಳೆಲ್ಲ ಇವರ ಹಾಡು ಇಷ್ಟೇ ಎಂದುಕೊಂಡು ಸುಮ್ಮನಾದರು.

ಅವರ ಮಾತಿನ ಚಟವೆಂದರೆ 'ಆಮೇಲೆ?' ಎಂಬ ಒಂದೇ ಪದ. ಯಾರು ಏನೇ ಹೇಳಲಿ, ತಲೆಯನ್ನು ಒಂದು ಬದಿಗೆ ವಾಲಿಸಿ, ಮಗುವಿನ ಕುತೂಹಲದಿಂದ ಆಮೇಲೆ ಎಂದು ಕೇಳುವರು. ಬಾಗಿಲಿಗೆ ಬೀಗ ಹಾಕುತ್ತೇವೆ ಎಂದರೆ, ಆಮೇಲೆ? ಕೀಲಿ ಕಾವಲುಗಾರನ ಬಳಿ ಎಂದರೆ, ಆಮೇಲೆ? ಅವನು ಊಟಕ್ಕೆ ಹೋದಾಗ ಎಂಬಲ್ಲಿಗೆ ಬರುವಷ್ಟರಲ್ಲಿ ಯಜಮಾನರ ಮುಖ ಬೆವರುತ್ತಿತ್ತು.

ಈ ಪದ ಅವರಿಗೆ ಬಿಟ್ಟಿಯಾಗಿ ದೊರೆತದ್ದಲ್ಲ. ಯೌವನದಲ್ಲಿ ಅವರು ಯೋಜಿಸಿದ ಹತ್ತಿ ಗೋದಾಮೊಂದಕ್ಕೆ ಬೆಂಕಿ ಬಿದ್ದಾಗ ಸ್ಪ್ರಿಂಕ್ಲರುಗಳು ತೆರೆದುಕೊಂಡವು, ಪಂಪು ಗರ್ಜಿಸಿತು, ನೀರು ಮಾತ್ರ ಬರಲಿಲ್ಲ. ಮೂರು ವಾರದ ನೀರಿನ ಬರದಲ್ಲಿ ಹಮಾಲಿಗಳು ಟ್ಯಾಂಕಿನ ನೀರನ್ನು ಕುಡಿದು, ಮೈತೊಳೆದು ಮುಗಿಸಿದ್ದರು. ಕಾವಲುಗಾರ ಕಟಾನಾ ಎಂಬಾತ ಉರಿಯುವ ಬಾಗಿಲನ್ನು ಬರಿಗೈಯಲ್ಲಿ ತೆರೆದು ಒಳಗಿದ್ದವರನ್ನು ಉಳಿಸಿದ; ಅವನ ಬೆರಳುಗಳು ಮತ್ತೆ ಮಡಚಲಿಲ್ಲ. ಪ್ರತಿ ಈಸ್ಟರಿಗೂ ಮ್ವಕಿಯೊ ಅವನ ಮನೆಗೆ ಹೋಗಿ, ತಟ್ಟೆಯ ಮುಂದೆ ಅವನ ಪಕ್ಕದಲ್ಲೇ ಕುಳಿತು ಉಂಡು ಬರುತ್ತಿದ್ದರು. ಆ ಮನೆಯಲ್ಲಿ ಅವರು ಏನು ಮಾತಾಡುತ್ತಿದ್ದರೋ ನನಗೆ ತಿಳಿಯದು.

ಇನ್ನು ಹಾಸಿಗೆ ಕಾರ್ಖಾನೆಯ ಪ್ರಸಂಗ. ಚಾಂಗಾಮ್ವೆಯಲ್ಲಿ ಬಾಹಮದಿ ಎಂಬ ಯಜಮಾನರು ಹೊಸ ಕಟ್ಟಡ ಎಬ್ಬಿಸಿದ್ದರು: ಕೆಳಗೆ ಸ್ಪಂಜಿನ ದಾಸ್ತಾನು, ಮೇಲೆ ಅರುವತ್ತನಾಲ್ಕು ಹೆಂಗಸರು ಕೂತು ಹೊಲಿಯುವ ಹಜಾರ, ನಡುವೆ ಒಂದೇ ಒಂದು ಮೆಟ್ಟಿಲಸಾಲು. ಸ್ಪಂಜು ಹೊತ್ತಿಕೊಂಡರೆ ಹೊಗೆಗೆ ಎರಡು ನಿಮಿಷ ಸಾಕು. ಮ್ವಕಿಯೊ ಎರಡನೆಯ ಮೆಟ್ಟಿಲಸಾಲು ಕಟ್ಟಿಸಿದರು. ಹಿತ್ತಲಿನ ಎತ್ತರದ ಉಕ್ಕಿನ ಟ್ಯಾಂಕಿಗೆ ತಳದಲ್ಲಿ ಪಂಪಿನ ಪೈಪು, ಬಹಳ ಮೇಲೆ ಅಡಿಗೆಮನೆಗೂ ಕಕ್ಕಸಿಗೂ ಹೋಗುವ ಸಣ್ಣ ಪೈಪು ಬರೆದರು.

ಬಾಹಮದಿಗೆ ಇದು ಹಿಡಿಸಲಿಲ್ಲ. "ಅಲ್ಲ ಮ್ಜೀ, ಬೆಂಕಿ ನೀರಿಗೆ ಚಹಾ ನಲ್ಲಿ ಇಡೋರುಂಟಾ? ಬೀಗ ಜಡಿದು ಬಿಸಾಕಿ," ಎಂದರು. ಹಿರಿಯರನ್ನು ಇಲ್ಲಿ ಕರೆಯುವುದೇ ಮ್ಜೀ ಎಂದು.

"ಜಡಿದೆ. ಆಮೇಲೆ?"

"ಆಮೇಲೇನು? ಮುಟ್ಟಲ್ಲ."

"ಬಾಯಾರಿದವರು ಬೀಗ ಒಡೀತಾರೆ, ತಳದವರೆಗೂ ಬಳೀತಾರೆ. ಮೇಲಿನ ಪಾಲು ಅವರಿಗೆ ನಾವೇ ಕೊಟ್ರೆ ಕೆಳಗಿನ ಪಾಲು ಉಳಿಯುತ್ತೆ. ಪೈಪಿನ ಬಾಯಿಗಿಂತ ಕೆಳಗೆ ನೀರು ಇಳಿದ್ರೆ ನಲ್ಲಿ ತಾನಾಗಿ ನಿಲ್ಲುತ್ತೆ. ನಮ್ಮ ಬೀಗ ಅದೇ."

ಯಜಮಾನರು ಗೊಣಗುತ್ತ ಒಪ್ಪಿದರು. ಕೆಲಸ ಮುಗಿಯಿತು, ಹಳೆಯ ಹೊಲಿಗೆ ಷೆಡ್ಡು ಮುಚ್ಚಿದ್ದರಿಂದ ಮೂರು ತಿಂಗಳು ಕೂಲಿಯಿಲ್ಲದೆ ಮನೆಯಲ್ಲಿದ್ದ ಹೆಂಗಸರು ಯಂತ್ರ ಒರೆಸಲು, ಕೈ ಪಳಗಿಸಲು ಬರತೊಡಗಿದರು. ಸೋಮವಾರ ಹೊಲಿಗೆ ಆರಂಭ. ಅದಕ್ಕೆ ಮ್ವಕಿಯೊ ಅವರ ಸಹಿಯೊಂದೇ ಬಾಕಿ. ಶುಕ್ರವಾರ ಬೆಳಿಗ್ಗೆ ನಾವು ಹೋದೆವು. ಊರಿಗೆ ನೀರು ಬರುವುದು ನಿಂತು ಹದಿನೆಂಟು ದಿನವಾಗಿತ್ತು. ಅವರು ಎಂದಿನಂತೆ ಕಕ್ಕಸಿಗೆ ಹೋಗಿ ನಲ್ಲಿ ತಿರುಗಿಸಿದರು, ನೀರು ಧೋ ಎಂದು ಸುರಿಯಿತು. ಬೇರೆ ಯಾರಾದರೂ ಆಗಿದ್ದರೆ ಕೈತೊಳೆದು ಹೊರಗೆ ಬರುತ್ತಿದ್ದರು. ಇವರು ಬಾಗಿಲಲ್ಲೇ ನಿಂತು, "ಹದಿನೆಂಟು ದಿನ ಆಯ್ತು, ಮೇಲಿನ ಪಾಲು ಯಾವಾಗ್ಲೋ ಮುಗಿದಿರ್ಬೇಕು. ಇಲ್ಲಿ ನೀರು ಹೇಗೆ ಬರುತ್ತೆ?" ಎಂದರು. ಅವರ ಮುಖ ಕಪ್ಪಿಟ್ಟಿತ್ತು.

ಏಣಿ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದಾಗ ಗುಟ್ಟು ಹೊರಬಿತ್ತು. ಮೇಲಿನ ಪೈಪಿನ ಬಾಯಿಗೆ ಒಳಗಿನಿಂದ ಇನ್ನೊಂದು ಪೈಪು ಸೇರಿಸಿ ತಳದವರೆಗೆ ಇಳಿಬಿಟ್ಟಿದ್ದರು. ಮುಕ್ಕಾಲು ಗಂಟೆ ಸುರಿಯಬೇಕಾದ ನೀರಿನಲ್ಲಿ ಉಳಿದದ್ದು ಮೊಣಕಾಲುದ್ದ. ಸಹಿ ಹಾಕುವುದಿಲ್ಲ ಎಂದು ಅವರು ಕೆಳಗಿಳಿದು ಹೇಳಿದಾಗ ಬಾಹಮದಿ ಕೂಗಾಡಿದರು. ಅವರ ಕೂಗಿಗಿಂತ ಮೆಟ್ಟಿಲ ಮೇಲೆ ಬಂದು ನಿಂತ ಹೆಂಗಸರ ಗುಂಪು ನನ್ನನ್ನು ಹೆದರಿಸಿತು. ಅಡಿಗೆಯ ಕಾಡ್ಜೊ, ಮಾತಿನಲ್ಲಿ ಯಾರಿಗೂ ಬಗ್ಗದವಳು, ಸೌಟು ಹಿಡಿದೇ ಮುಂದೆ ಬಂದಳು.

"ಮೂರು ತಿಂಗಳು ಮನೇಲಿ ಸರಿಯಾಗಿ ಒಲೆ ಹಚ್ಚಿಲ್ಲ ನಾವು. ನಿಮ್ಮ ಸಹಿಗೇನು ಮ್ಜೀ, ಅದಕ್ಕೆ ಹಸಿವಾಗಲ್ಲ. ಆ ಪೈಪು ಇಳಿಸಿದ್ದು ನಾನೇ, ಪೈಪಿನವನ ಕೈಲಿ ಹೇಳಿ ಮಾಡ್ಸಿದ್ದು. ಯಜಮಾನ್ರಿಗೆ ಗೊತ್ತಿಲ್ಲ. ಇಷ್ಟು ಜನಕ್ಕೆ ಬೀನ್ಸ್ ಬೇಯಿಸ್ಬೇಕು, ಕಕ್ಕಸು ತೊಳೀಬೇಕು. ನಿಮ್ಮ ಮೇಲಿನ ಪಾಲು ಆರೇ ದಿನಕ್ಕೆ ಖಾಲಿ."

ನಾನು ಬೈಗುಳ ನಿರೀಕ್ಷಿಸಿದೆ. ಅವರು ಕೋಟಿನ ಜೇಬಿನಿಂದ ಸೀಮೆಸುಣ್ಣ ತೆಗೆದು, "ದಿನಕ್ಕೆ ಎಷ್ಟು ಬಕೆಟ್ ಬೇಕು ನಿಮಗೆ?" ಎಂದು ಕೇಳಿದರು. ಅವಳು ಹೇಳಿದಳು. ಅವರು ಗೋಡೆಯ ಮೇಲೆ ಬರೆದು, ಟ್ಯಾಂಕಿನ ಮೇಲಿನ ಪಾಲನ್ನು ಅದರಿಂದ ಭಾಗಿಸಿ ನೋಡಿದರು.

"ತಪ್ಪು ನಂದು ಕಾಡ್ಜೊ. ನೀರೆಷ್ಟು ಬೇಕು ಅಂತ ನಾನು ಯಜಮಾನ್ರನ್ನ ಕೇಳಿದೆ. ಬಕೆಟ್ ಹೊರೋರನ್ನ ಕೇಳ್ಬೇಕಿತ್ತು," ಎಂದರು. ಮೂವತ್ತೆರಡು ವರ್ಷದ ಅನುಭವಿ, ಯಜಮಾನನ ಎದುರಿನಲ್ಲಿ, ಅಡಿಗೆಯವಳ ಮುಂದೆ ಹೇಳಿದ ಮಾತು ಅದು. ಬಳಿಕ ಅವಳನ್ನೇ ಏಣಿ ಹತ್ತಿಸಿ, ಒಳಗಿನ ಮೊಣಕಾಲುದ್ದದ ನೀರು ತೋರಿಸಿ, "ಇದು ಬೆಂಕಿಗೆ ಐದು ನಿಮಿಷಕ್ಕೂ ಸಾಲದು. ಆಮೇಲೆ?" ಎಂದರು. ಅವಳು ಕೆಳಗಿಳಿದು ಮೆಟ್ಟಿಲ ಮೇಲಿದ್ದ ತನ್ನವರನ್ನೊಮ್ಮೆ ನೋಡಿ, ಸೋಮವಾರ ಹೊಲಿಗೆ ಶುರುವಾಗುವುದು ಬೇಡ ಎಂದಳು.

ಅಡಿಗೆಮನೆಗೆಂದೇ ಬೇರೊಂದು ಟ್ಯಾಂಕು ಏಳಲು ಇನ್ನೂ ಹನ್ನೆರಡು ದಿನ ಹಿಡಿಯಿತು; ಆ ಹನ್ನೆರಡು ದಿನವೂ ಬಾಹಮದಿ ನಮ್ಮ ಕಚೇರಿಗೆ ಬಂದು ಕೂತು ನಿಟ್ಟುಸಿರು ಬಿಟ್ಟರು. ಒಳಗಿನ ಪೈಪು ಕಿತ್ತು, ಮೇಲಿನ ಸಣ್ಣ ಪೈಪನ್ನು ಹೊಸ ಟ್ಯಾಂಕಿಗೆ ತಿರುಗಿಸಿ, ಬೆಂಕಿಯ ಟ್ಯಾಂಕು ತುಂಬಿ, ಪಂಪು ಓಡಿಸಿ ನೋಡಿದ ಮೇಲೆ ಸಹಿ ಬಿತ್ತು.

ಮರುವರ್ಷ ನೀರಿನ ಬರ ಇನ್ನೂ ಕ್ರೂರವಾಯಿತು. ಕರೆಯದೆಯೇ ಅವರು ಅಲ್ಲಿಗೆ ಹೋದರು, ಅಳತೆಪಟ್ಟಿ ಹಿಡಿದು ನಾನೂ. ನೇರವಾಗಿ ಕಕ್ಕಸಿಗೆ ನಡೆದು ನಲ್ಲಿ ತಿರುಗಿಸಿದರು. ಒಂದು ಹನಿಯೂ ಬರಲಿಲ್ಲ. ಅಡಿಗೆಮನೆಯ ನಲ್ಲಿಯೂ ಒಣಗಿತ್ತು. ಹೊಸ ಟ್ಯಾಂಕಿನ ನೀರೂ ತೀರಿತ್ತು. ಕಾಡ್ಜೊ ಖಾಲಿ ಕೆಟಲನ್ನು ಬೋರಲು ಹಾಕಿ ಕೂತಿದ್ದಳು. "ಮೂರು ದಿನದಿಂದ ಚಹಾ ಇಲ್ಲ. ಮನೆಯಿಂದ ಸೀಸೆಯಲ್ಲಿ ನೀರು ತರ್ತೀವಿ. ನಿಮ್ಮ ಬೆಂಕಿ ನೀರು ಹಾಗೇ ಇದೆ, ಹತ್ತಿ ನೋಡ್ಕೊಳ್ಳಿ," ಎಂದಳು, ಸಿಟ್ಟಿನಿಂದಲೇ. ಅವರು ಹತ್ತಿ ಮುಚ್ಚಳ ತೆಗೆದರು. ನೀರು ಅಂಚಿನವರೆಗೆ ನಿಂತು ಅವರ ಮುಖಕ್ಕೆ ಬೆಳಕು ಹಾಯಿಸುತ್ತಿತ್ತು. ಇಳಿದು ಬಂದು ಎಡಜೇಬಿನ ಗೋಡಂಬಿಯನ್ನಷ್ಟೂ ಅವಳ ಮಡಿಲಿಗೆ ಸುರಿದು, ಕಣ್ಣೊರೆಸಿಕೊಂಡರು.

ಆ ಕಾರ್ಖಾನೆಗೆ ಕೊನೆಗೆ ಬೆಂಕಿ ಬಿತ್ತೇ ಎಂದು ನನ್ನನ್ನು ಕೇಳಿದವರುಂಟು. ಈವರೆಗೆ ಬಿದ್ದಿಲ್ಲ, ಬೀಳದಿರಲಿ. ಕಟ್ಟಡ ಕಟ್ಟಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಬೆಂಕಿ ನಂದಿಸಿದವರಿಗೆ ಹಾರ ಬೀಳುತ್ತದೆ. ಮ್ವಕಿಯೊ ಅವರಂಥವರ ಪಾಲಿಗೆ ಬರುವುದು, ಅವರು ಲೆಕ್ಕ ಹಾಕಿಟ್ಟದ್ದು ಎಂದೂ ಬಳಕೆಯಾಗದಿರಲಿ ಎಂಬ ಹಾರೈಕೆಯಷ್ಟೆ. ಆದರೂ ಇಂಥವರು ನಮ್ಮ ನಡುವೆ ಇರುತ್ತಾರೆ: ಕಲ್ಲು, ಕಬ್ಬಿಣಗಳ ನಕ್ಷೆ ಬರೆಯುತ್ತ ಬರೆಯುತ್ತ ಮನುಷ್ಯನ ಬಾಯಾರಿಕೆಯನ್ನೂ ಅದರೊಳಗೆ ಸೇರಿಸಿಬಿಡುವವರು; ಜನ ತಪ್ಪು ಮಾಡುತ್ತಾರೆಂದು ತಿಳಿದೂ ಜನರನ್ನೇ ನಂಬುವವರು. ಆ ಊರು ಬಿಟ್ಟು ಬಹಳ ದಿನವಾಯಿತು. ಈಗಲೂ ಹೊಸ ಕಟ್ಟಡವೊಂದಕ್ಕೆ ಹೋದಾಗ, ಯಾರೂ ನೋಡದ ಹೊತ್ತಿನಲ್ಲಿ, ನಾನು ಮೊದಲು ಹೋಗಿ ಒಂದು ನಲ್ಲಿ ತಿರುಗಿಸಿ ನೋಡುತ್ತೇನೆ.